ನಿಮಗಿದು ಗೊತ್ತೇ? ಬಾನೆಟ್ ಎತ್ತಿ ನೀರು ಬಿಡುವ ಮುನ್ನ

ಆಯುಧಪೂಜೆ ಹತ್ತಿರ ಬಂದರೆ ಊರಿಗೆ ಊರೇ ಗಾಡಿ ತೊಳೆಯಲು ನಿಲ್ಲುತ್ತದೆ. ಅದೇ ಹುರುಪಿನಲ್ಲಿ ಬಾನೆಟ್ ಎತ್ತಿ ಎಂಜಿನ್ನಿಗೂ ಪೈಪ್ ಹಿಡಿಯುವವರು ಬಹಳ ಮಂದಿ. ಎಂಜಿನ್ ಶುಚಿಯಾಗಿರಬೇಕು, ಅದು ಸರಿ. ಆದರೆ ಅದಕ್ಕೆ ಬೇಕಾದದ್ದು ಬ್ರಶ್ಶು, ಬಟ್ಟೆ ಮತ್ತು ತಾಳ್ಮೆ. ನೀರಿನ ರಭಸ ಖಂಡಿತ ಬೇಡ.

ಈಗಷ್ಟೇ ಓಡಿ ಬಂದ ಕಾರಿನ ಎಕ್ಸಾಸ್ಟ್ ಮ್ಯಾನಿಫೋಲ್ಡ್ ನೂರಾರು ಡಿಗ್ರಿ ಕಾದಿರುತ್ತದೆ. ತಣ್ಣೀರು ಬಿದ್ದರೆ ಲೋಹ ಒಮ್ಮೆಲೇ ಕುಗ್ಗಿ ಬಿರುಕು ಬಿಡಬಹುದು, ಮೇಲೆದ್ದ ಹಬೆ ಮುಖ ಸುಡಬಹುದು. ಬೆಳಿಗ್ಗೆ ಗಾಡಿ ತೆಗೆಯುವ ಮೊದಲೇ ಈ ಕೆಲಸಕ್ಕೆ ಸರಿಯಾದ ಹೊತ್ತು.

ರೇಡಿಯೇಟರ್‌ನಲ್ಲಿರುವ ಕೂಲಂಟ್ 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ, ಏಕೆಂದರೆ ಅದು ಒತ್ತಡದಲ್ಲಿರುತ್ತದೆ. ಬಿಸಿಯಿರುವಾಗ ಮುಚ್ಚಳ ಸಡಿಲಿಸಿದರೆ ಆ ಕ್ಷಣವೇ ಉಕ್ಕಿ ಚಿಮ್ಮುತ್ತದೆ.

ಎಂಜಿನ್ ಆಫ್ ಮಾಡಿದ ಮೇಲೂ ಕೆಲವು ಕಾರುಗಳ ಫ್ಯಾನ್ ತಾನಾಗಿ ತಿರುಗಲು ಶುರುವಾಗುತ್ತದೆ. ಅಲ್ಲಿಗೆ ಕೈ ಹಾಕುವ ಮೊದಲು ಎಂಜಿನ್ ಪೂರ್ತಿ ಆರಿರಲಿ, ಬ್ಯಾಟರಿ ಸಂಪರ್ಕ ತಪ್ಪಿಸಿರಿ.

ಬ್ಯಾಟರಿ ಬಿಚ್ಚುವಾಗ ಮೈನಸ್ ಮೊದಲು, ಜೋಡಿಸುವಾಗ ಮೈನಸ್ ಕೊನೆಗೆ. ಯಾಕೆ ಗೊತ್ತೇ? ಕಾರಿನ ಬಾಡಿಯೇ ಮೈನಸ್‌ಗೆ ಸೇರಿರುತ್ತದೆ. ಪ್ಲಸ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಗುಲಿದರೆ ಕಿಡಿ ಹಾರುತ್ತದೆ. ಚಾರ್ಜ್ ಆಗುವ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ. ಅದು ಗಾಳಿಯಲ್ಲಿ ಶೇ. 4ರಷ್ಟಿದ್ದರೂ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ.

ಟರ್ಮಿನಲ್ ಮೇಲೆ ಬೆಳೆಯುವ ಬಿಳಿ, ನೀಲಿ ಹಸಿರು ಪುಡಿಗೆ ಮದ್ದು ಅಡುಗೆಮನೆಯಲ್ಲೇ ಇದೆ. ಒಂದು ಲೋಟ ಬೆಚ್ಚನೆಯ ನೀರಿಗೆ ಒಂದು ಚಮಚ ಅಡುಗೆ ಸೋಡ ಹಾಕಿ, ಹಳೆಯ ಹಲ್ಲುಜ್ಜುವ ಬ್ರಶ್ ಅದ್ದಿ ಉಜ್ಜಿ. ಬುಸ್ಸೆಂದು ನೊರೆ ಏಳುತ್ತದೆ: ಆಮ್ಲದ ಬಲ ಕುಗ್ಗುತ್ತಿದೆ ಎಂದರ್ಥ. ನೊರೆ ನಿಂತ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ತೆಳುವಾಗಿ ವ್ಯಾಸಲೀನ್ ಸವರಿ. ಕೈಗವಸು ಹಾಕಿಕೊಳ್ಳಿ. ಸೋಡ ನೀರು ಬ್ಯಾಟರಿಯ ಒಳಗೆ ಮಾತ್ರ ಇಳಿಯಬಾರದು.

‘ಐಪಿ67’ ಎಂಬ ಗುರುತಿರುವ ಭಾಗ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿದರೂ ತಡೆದುಕೊಳ್ಳುತ್ತದೆ. ಹಾಗೆಂದು ಅದು ಪ್ರೆಷರ್ ವಾಷರ್‌ಗೂ ಜಗ್ಗುವುದಿಲ್ಲ ಎಂದುಕೊಳ್ಳಬೇಡಿ. ನಿಂತ ನೀರಿನ ಪರೀಕ್ಷೆಯೇ ಬೇರೆ, ಚಿಮ್ಮುವ ನೀರಿನದೇ ಬೇರೆ. ಮನೆಬಳಕೆಯ ವಾಷರ್‌ಗಳು ಕೂಡ 100 ಬಾರ್ ಆಸುಪಾಸಿನ ಒತ್ತಡದಲ್ಲಿ ನೀರು ಹೊಡೆಯುತ್ತವೆ. ಆ ರಭಸಕ್ಕೆ ಕನೆಕ್ಟರ್‌ನ ರಬ್ಬರ್ ಸೀಲ್ ದಾಟಿದ ನೀರು ಒಳಗೇ ಉಳಿದು, ಪಿನ್ನುಗಳಿಗೆ ತುಕ್ಕು ಹಿಡಿಸುತ್ತದೆ. ತೊಂದರೆ ಕಾಣಿಸಿಕೊಳ್ಳುವುದು ವಾರಗಳ ನಂತರ, ಡ್ಯಾಶ್‌ಬೋರ್ಡ್‌ನಲ್ಲಿ ದೀಪ ಹೊತ್ತಿದಾಗ. ಆಗ ಕಾರಣ ಹುಡುಕುವುದು ಮೆಕ್ಯಾನಿಕ್‌ಗೂ ಕಷ್ಟ.

ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಏರ್ ಫಿಲ್ಟರ್ ದಾಟಿ ಸಿಲಿಂಡರ್‌ಗೆ ನೀರು ಹೊಕ್ಕರೆ ಪಿಸ್ಟನ್ ಮೇಲೇರಲಾಗದೆ ಕನೆಕ್ಟಿಂಗ್ ರಾಡ್ ಬಾಗಿಹೋಗುತ್ತದೆ. ಏರ್ ಇನ್‌ಟೇಕ್ ಬಾಯಿ, ಆಲ್ಟರ್ನೇಟರ್, ಫ್ಯೂಸ್ ಬಾಕ್ಸ್, ಇಸಿಯು, ಇಗ್ನಿಷನ್ ಕಾಯಿಲ್‌ಗಳಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ. ಸ್ಟಾರ್ಟ್ ಮಾಡುವ ಮುನ್ನ ಚೀಲಗಳನ್ನು ಎಣಿಸಿ ತೆಗೆಯಿರಿ.

ಪೆಟ್ರೋಲ್ ಹಾಕಿ ಜಿಡ್ಡು ತೆಗೆಯುವ ಚಾಳಿ ಇನ್ನೂ ಹೋಗಿಲ್ಲ. ಮೈನಸ್ 40 ಡಿಗ್ರಿ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುವ ದ್ರವ ಅದು. ಬ್ಯಾಟರಿಯ ಪಕ್ಕದಲ್ಲಿ ಅದನ್ನು ಸುರಿಯುವುದೆಂದರೆ ಬೆಂಕಿಯನ್ನು ಮನೆಗೆ ಕರೆದಂತೆ. ಡೀಸೆಲ್ ಹೊಡೆಸಿದರೆ ಎಂಜಿನ್ ಮಿರಮಿರ ಹೊಳೆಯುತ್ತದೆ, ನಿಜ. ಆದರೆ ಅದು ರಬ್ಬರ್ ಪೈಪು, ಬೆಲ್ಟುಗಳನ್ನು ಉಬ್ಬಿಸಿ ಕೆಡಿಸುತ್ತದೆ, ಉಳಿದ ಪಸೆಗೆ ಹೊಸ ಧೂಳು ಬೇಗ ಅಂಟುತ್ತದೆ.

ಚರಂಡಿ ಶುಚಿಗೆ ಬಳಸುವ ಕಾಸ್ಟಿಕ್ ಸೋಡ ಅಲ್ಯುಮಿನಿಯಂ ಅನ್ನು ತಿನ್ನುತ್ತದೆ. ಇಂದಿನ ಬಹುತೇಕ ಎಂಜಿನ್‌ಗಳ ಹೆಡ್ ಅಲ್ಯುಮಿನಿಯಂನದು. ಕಾಸ್ಟಿಕ್ ಸೋಡವನ್ನು ಹತ್ತಿರವೂ ತರಬೇಡಿ.

ಹಾಗಾದರೆ ಮಾಡುವುದು ಹೇಗೆ? ಮೊದಲು ಕಾರಿನ ಕೈಪಿಡಿ ಓದಿ, ಕಂಪನಿ ನೀರು ಬೇಡವೆಂದಿದ್ದರೆ ಬೇಡ. ಒಣ ಬ್ರಶ್‌ನಲ್ಲಿ ಧೂಳು ಕೆಡವಿ. ಎಂಜಿನ್‌ಗೆಂದೇ ಸಿಗುವ, ನೀರಿನಲ್ಲಿ ಕರಗುವ ಡಿಗ್ರೀಸರ್ ಅನ್ನು ಬ್ರಶ್‌ಗೆ ಹಾಕಿಕೊಂಡು ಜಿಡ್ಡಿರುವಲ್ಲಿ ಮಾತ್ರ ಉಜ್ಜಿ. ಅದು ಒಣಗುವ ಮೊದಲೇ ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಿ. ಬೆಲ್ಟಿಗೆ ತಾಗಿಸಬೇಡಿ, ಜಾರಿ ಕೀರಲು ಸದ್ದು ಮಾಡುತ್ತದೆ.

ವೈಪರ್ ಬುಡದ ಜಾಲರಿಯಡಿ ನೀರು ಹರಿದುಹೋಗಲು ತೂತುಗಳಿವೆ. ಮರದಡಿ ನಿಲ್ಲುವ ಕಾರಿನಲ್ಲಿ ಗುಲ್‌ಮೊಹರಿನ ಚಿಕ್ಕ ಎಲೆಗಳು ಅಲ್ಲಿ ಕೊಳೆತು ಮೆತ್ತಿಕೊಳ್ಳುತ್ತವೆ. ತೂತು ಕಟ್ಟಿದರೆ ಮಳೆನೀರು ಕ್ಯಾಬಿನ್‌ಗೆ ಇಳಿದು ಕಾಲಡಿಯ ಮ್ಯಾಟ್ ನೆನೆಯುತ್ತದೆ. ಕೈಯಲ್ಲೇ ಬಾಚಿ ತೆಗೆಯಬಹುದು.

ಬಾನೆಟ್ ಅಡಿ ಸೇರಿಕೊಳ್ಳುವ ಇಲಿಯ ಬಾಚಿಹಲ್ಲು ಸಾಯುವವರೆಗೂ ಬೆಳೆಯುತ್ತದೆ, ಅದಕ್ಕೇ ವೈರ್ ಕಡಿಯುತ್ತಲೇ ಇರುತ್ತದೆ. ಅದಕ್ಕಿಂತ ದೊಡ್ಡ ಭಯ ಇಲಿಜ್ವರದ್ದು: ಇಲಿಮೂತ್ರದಲ್ಲಿರುವ ರೋಗಾಣು ಚರ್ಮದ ಗಾಯದ ಮೂಲಕ ದೇಹ ಸೇರುತ್ತದೆ. ಹಿಕ್ಕೆ ಕಂಡರೆ ಒಣಗಿದ್ದನ್ನು ಗುಡಿಸಬೇಡಿ. ಸೋಪುನೀರು ಚಿಮುಕಿಸಿ, ಕೈಗವಸು ತೊಟ್ಟು ಎತ್ತಿ.

ಹೈಬ್ರಿಡ್, ಎಲೆಕ್ಟ್ರಿಕ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ದಪ್ಪ ಕೇಬಲ್ ಕಂಡರೆ ಅದರಲ್ಲಿ ನೂರಾರು ವೋಲ್ಟಿನ ವಿದ್ಯುತ್ ಹರಿಯುತ್ತದೆ. ಮುಟ್ಟಬೇಡಿ, ಒರೆಸಬೇಡಿ.

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತು ಮಾಡಿತು. ಬ್ರಶ್ಶು, ಬಟ್ಟೆಯ ದಾರಿಗೆ ಅರ್ಧ ಬಕೆಟ್ ಸಾಕು. ಎಣ್ಣೆ ಬೆರೆತ ಆ ನೀರನ್ನು ಗಿಡದ ಬುಡಕ್ಕೋ ಮಳೆನೀರ ಚರಂಡಿಗೋ ಚೆಲ್ಲಬೇಡಿ. ಜಿಡ್ಡನ್ನು ಮೊದಲೇ ಹಳೆಯ ಬಟ್ಟೆಗೆ ಹೀರಿಸಿದರೆ ಹರಿದುಹೋಗುವ ಎಣ್ಣೆಯೇ ಕಡಿಮೆ.

ಒರೆಸಿದ ಎಂಜಿನ್ನಿನಲ್ಲಿ ಹೊಸ ಸೋರಿಕೆ ಬೇಗ ಕಣ್ಣಿಗೆ ಬೀಳುತ್ತದೆ. ಶುಚಿ ಮಾಡುವುದರ ನಿಜವಾದ ಲಾಭ ಇದೇ. ಹಳೆ ಕಾರು ಕೊಳ್ಳುವಾಗ ಮಾತ್ರ ಬಾನೆಟ್ ಕೆಳಗೆ ಅತಿಯಾದ ಹೊಳಪು ಕಂಡರೆ, ಸೋರಿಕೆಯ ಗುರುತು ಅಳಿಸಿದ್ದಾರೆಯೇ ಎಂದು ಕೇಳಿ.

ಕೆಲಸ ಮುಗಿದ ಮೇಲೆ ಬಾನೆಟ್ ತೆರೆದಿಟ್ಟು ಚೆನ್ನಾಗಿ ಒಣಗಲು ಬಿಡಿ, ಆಮೇಲೆ ಹತ್ತು ನಿಮಿಷ ಎಂಜಿನ್ ಓಡಿಸಿ. ಮುಚ್ಚಿದ ಗ್ಯಾರೇಜಿನಲ್ಲಿ, ಗಾಳಿಯಾಡದ ಸೆಲ್ಲಾರಿನಲ್ಲಿ ಇದನ್ನು ಮಾಡಲೇಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಪ್ರಾಣ ತೆಗೆಯುವ ಅನಿಲ ಅದು. ಗಾಡಿಯನ್ನು ತಳ್ಳಿಕೊಂಡಾದರೂ ಸರಿ, ಬಯಲಿಗೆ ತಂದೇ ಸ್ಟಾರ್ಟ್ ಮಾಡಿ.