ಇಶಾ ಬಳಿಕ ಮೊಬೈಲ್ ಯಾಕೆ ತಡವರಿಸುತ್ತದೆ?

ಸಹೋದರಿಯರೇ, ರಾತ್ರಿ ಊಟ ಮುಗಿಯುವ ಹೊತ್ತಿಗೆ ಗಲ್ಫ್‌ನಲ್ಲಿರುವ ಪತಿಯದೋ ಮಗನದೋ ಇಂಟರ್ನೆಟ್ ಕರೆ ಬರುತ್ತದೆ. ಎರಡು ಮಾತಾಡುವಷ್ಟರಲ್ಲಿ ಸ್ವರ ತುಂಡಾಗುತ್ತದೆ. ಅದೇ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಮಕ್ಕಳ ಯೂಟ್ಯೂಬ್ ಮಾತ್ರ ಸಲೀಸಾಗಿ ಓಡುತ್ತಿರುತ್ತದೆ! ಕಂಪೆನಿಯವರೇ ಬೇಕೆಂದು ಕರೆ ಕೆಡಿಸುತ್ತಾರೆ ಎಂದು ನಿಮಗನಿಸಿದರೆ ಆಶ್ಚರ್ಯವಿಲ್ಲ. (ಕೆಲವು ಕೊಲ್ಲಿ ರಾಷ್ಟ್ರಗಳು ಇಂಥ ಕರೆಗಳಿಗೆ ನಿರ್ಬಂಧ ಹಾಕಿದ್ದುಂಟು, ಅದು ಬೇರೆ ಮಾತು.)

ಯೂಟ್ಯೂಬ್ ಮುಂದಿನ ದೃಶ್ಯಗಳನ್ನು ಮೊದಲೇ ತಂದಿಟ್ಟುಕೊಳ್ಳುತ್ತದೆ. ನಡುವೆ ನೆಟ್‌ವರ್ಕ್ ಎರಡು ಸೆಕೆಂಡು ಕೈಕೊಟ್ಟರೂ ನೋಡುವವರಿಗೆ ತಿಳಿಯುವುದಿಲ್ಲ. ಇನ್ನೂ ಆಡದ ಮಾತನ್ನು ಹಾಗೆ ಕೂಡಿಡುವುದು ಹೇಗೆ? ಆಡಿದ ಮಾತು ಸುಮಾರು 150 ಮಿಲಿಸೆಕೆಂಡಿನೊಳಗೆ ಆ ಕಡೆಯ ಕಿವಿ ತಲುಪಿದರೇನೇ ಸಂಭಾಷಣೆ ಸಹಜವಾಗಿರುತ್ತದೆ.

ಟವರಿನ ಪಾಡು ಒಂದೇ ಕೋಣೆಯಲ್ಲಿ ನಾಲ್ಕು ತರಗತಿ ನೋಡುವ ಉಸ್ತಾದರ ಪಾಡಿನಂತೆ. 4ಜಿಯಲ್ಲಿ ಅದು ಪ್ರತಿ ಮಿಲಿಸೆಕೆಂಡಿಗೊಮ್ಮೆ ಯಾವ ಫೋನಿಗೆ ಎಷ್ಟು ಪಾಲು ಎಂದು ನಿರ್ಧರಿಸುತ್ತದೆ. ರಾತ್ರಿ ಊರಿಗೆ ಊರೇ ವೀಡಿಯೊ ನೋಡುವಾಗ ಪಾಲು ಸಣ್ಣದಾಗುತ್ತದೆ. ನೀವು ಟವರಿನಿಂದ ದೂರವಿದ್ದರೆ ಅಥವಾ ದಪ್ಪ ಗೋಡೆಯ ಒಳಕೋಣೆಯಲ್ಲಿ ಕುಳಿತಿದ್ದರೆ ಅಷ್ಟೇ ಮಾತಿಗೆ ಹೆಚ್ಚು ಪಾಲು ಬೇಕಾಗುತ್ತದೆ. ಕಿಟಕಿಯ ಬಳಿ ಬಂದರೆ ಸ್ವರ ಸರಿಯಾಗುವುದು ಇದಕ್ಕೇ.

ನಂಬರು ಒತ್ತಿ ಮಾಡುವ ಮಾಮೂಲು ಕರೆಯ ಸಂಗತಿ ಬೇರೆ. ಜಿಯೋ 2016ರ ಸೆಪ್ಟೆಂಬರಿನಲ್ಲಿ ಸೇವೆ ಆರಂಭಿಸಿದಾಗ ಅದರ ಕರೆಗಳೆಲ್ಲ ವೋಲ್ಟಿ ಎಂಬ ವಿಧಾನದಲ್ಲಿ 4ಜಿಯ ಮೇಲೆಯೇ ಸಾಗಿದವು. ಈ ವಿಧಾನದಲ್ಲಿ ಧ್ವನಿಗೆಂದು ಖಚಿತವಾದ ಪಾಲನ್ನು ಮೊದಲೇ ಕಾದಿರಿಸಲಾಗುತ್ತದೆ. ಸೆಕೆಂಡಿಗೆ ಸುಮಾರು 25 ಕಿಲೋಬಿಟ್ ಇದ್ದರೆ ಮಾತಿಗೆ ಸಾಕು. ಇಂಟರ್ನೆಟ್ ಕರೆಯಾದರೋ ಸಾಮಾನ್ಯ ಡೇಟಾದ ಜೊತೆ ಸರದಿಯಲ್ಲಿ ನಿಲ್ಲಬೇಕು. ಆದ್ದರಿಂದ ಊರೊಳಗೆ ಆಸ್ಪತ್ರೆಯ ತುರ್ತು ಸುದ್ದಿ ಮುಟ್ಟಿಸುವಾಗ ವಾಟ್ಸಾಪ್ ಹಿಡಿದು ಕೂರಬೇಡಿ, ಮಾಮೂಲು ಕರೆಯನ್ನೇ ಮಾಡಿ. ಗಲ್ಫ್ ಕರೆ ತುಂಡಾದರೆ ವೀಡಿಯೊ ನಿಲ್ಲಿಸಿ ಬರೀ ಸ್ವರ ಇಟ್ಟುಕೊಳ್ಳಿ. ಒಂದೇ ಹಾಟ್‌ಸ್ಪಾಟ್ ಹಂಚಿಕೊಂಡಿದ್ದರೆ ಮಕ್ಕಳಿಗೆ ಹತ್ತು ನಿಮಿಷ ವಿರಾಮ ಕೊಡಿ. ಮೊದಲು ದಿನದ ಡೇಟಾ ಮುಗಿದಿದೆಯೋ ನೋಡಿ. ಮುಗಿದ ಮೇಲೆ ಹಲವು ಪ್ಯಾಕ್‌ಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಆಗ ಮುಖ ಕಾಣುವ ಆಸೆ ಬಿಡಬೇಕು.

ಕಂಪೆನಿ ತನಗಾಗದ ಆ್ಯಪನ್ನು ಬೇಕೆಂದೇ ನಿಧಾನಗೊಳಿಸುವಂತಿಲ್ಲ. 2018ರಲ್ಲಿ ಕೇಂದ್ರ ಸರಕಾರ ಒಪ್ಪಿದ ನಿಯಮವಿದು. ಜನಸಂದಣಿಯ ಹೊತ್ತಿನಲ್ಲಿ ಸಮಂಜಸ ನಿರ್ವಹಣೆಗೆ ಮಾತ್ರ ಅವಕಾಶವಿದೆ. ಟ್ರಾಯ್ 2024ರಲ್ಲಿ ಹೊರಡಿಸಿದ ಗುಣಮಟ್ಟದ ನಿಯಮಗಳು ಆ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದವು. ಎಲ್ಲಿ ಯಾವ ಸೇವೆ ಸಿಗುತ್ತದೆಂಬ ನಕ್ಷೆಯನ್ನು ಕಂಪೆನಿಗಳು ತಮ್ಮ ವೆಬ್‌ಸೈಟಿನಲ್ಲಿ ತೋರಿಸಲೇಬೇಕು.

ನಕ್ಷೆಯಲ್ಲಿ ನಿಮ್ಮ ಊರಿದ್ದೂ ಮನೆಯಲ್ಲಿ ಸಿಗ್ನಲ್ ಇಲ್ಲವೆಂದಾದರೆ ಸುಮ್ಮನಿರಬೇಡಿ. ಟ್ರಾಯ್‌ನ ಮೈಸ್ಪೀಡ್ ಆ್ಯಪಿನಲ್ಲಿ ಎರಡು ಮೂರು ರಾತ್ರಿ ವೇಗ ಅಳೆದು, ದಿನ, ಗಂಟೆ ಬರೆದಿಡಿ. 198ಕ್ಕೆ ಕರೆ ಮಾಡಿ ದೂರು ಕೊಟ್ಟು ಅದರ ಸಂಖ್ಯೆ ಕೇಳಿ ಪಡೆಯಿರಿ. ಪರಿಹಾರ ಸಿಗದಿದ್ದರೆ ಕಂಪೆನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ಆ ಸಂಖ್ಯೆ ಬೇಕಾಗುತ್ತದೆ.