ರೊಟ್ಟಿ ಮೊದಲು, ಅನ್ನ ಆಮೇಲೆ

ಧಾರವಾಡದಿಂದ ಅಳ್ನಾವರದ ಕಡೆಗೆ ಹೊರಟ ರೈಲು ಕ್ಯಾರಕೊಪ್ಪ ದಾಟಿದರೆ ಮುಂದಿನ ನಿಲ್ದಾಣ ಮುಗದ. ಅಲ್ಲಿಗೆ ಬರುವಷ್ಟರಲ್ಲಿ ಕಿಟಕಿಯ ಹೊರಗಿನ ನೆಲ ಬದಲಾಗಿರುತ್ತದೆ. ಎರೆಮಣ್ಣು ಹಿಂದೆ ಉಳಿದು ಕೆಂಪು ಮಣ್ಣು ಕಾಣಿಸುತ್ತದೆ. ಬದುವು ಕಟ್ಟಿದ ಗದ್ದೆಗಳು, ಕೆರೆ, ದೂರದಲ್ಲಿ ಕಾಡಿನ ಅಂಚು. ಜೋಳದ ಸೀಮೆ ಮುಗಿದು ಭತ್ತದ ಸೀಮೆ ಸುರುವಾಗುವುದು ಇಲ್ಲಿ. ಸಹ್ಯಾದ್ರಿ ದಾಟಿ ಬರುವ ಮುಂಗಾರು ಪೂರ್ವಕ್ಕೆ ಸರಿದಂತೆ ಬಡವಾಗುತ್ತ ಹೋಗುತ್ತದೆ. ಮುಗದಕ್ಕೆ ಸಿಕ್ಕಷ್ಟು ಮಳೆ ನವಲಗುಂದ, ಅಣ್ಣಿಗೇರಿಗಳಿಗೆ ಸಿಗುವುದಿಲ್ಲ. ಬಯಲಿನಿಂದ ಮಲೆನಾಡಿಗೆ ಹೋಗುವ ದ್ವಾರ ಎಂಬುದರಿಂದಲೇ ಧಾರವಾಡಕ್ಕೆ ಆ ಹೆಸರು ಬಂತೆಂಬ ವಿವರಣೆಯೂ ಉಂಟು.

ಇದೇ ಪ್ರವಾಸವನ್ನು ರೈಲು ಹತ್ತದೆಯೂ ಮಾಡಬಹುದು. ಧಾರವಾಡದ ಯಾವುದಾದರೂ ಹಳೆಯ ಖಾನಾವಳಿಯಲ್ಲಿ ಊಟಕ್ಕೆ ಕುಳಿತರೆ ಸಾಕು. ಮೊದಲು ಬರುವುದು ಜೋಳದ ರೊಟ್ಟಿ. ಜೊತೆಗೆ ಬದನೆಕಾಯಿ ಎಣಗಾಯಿ, ಮಡಕಿಕಾಳೋ ಹೆಸರುಕಾಳೋ ಒಂದು ಪಲ್ಯ, ಝುಣಕ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆಂಪು ಖಾರ, ಗಟ್ಟಿ ಮೊಸರು, ಹೆಚ್ಚಿದ ಉಳ್ಳಾಗಡ್ಡಿ, ಒಂದಿಷ್ಟು ಹಸಿ ಮೆಂತೆ ಸೊಪ್ಪು. ಇದು ಪೂರ್ವದ ಎರೆಹೊಲದ ಊಟ. ರೊಟ್ಟಿ ಸಾಕೆಂದ ಮೇಲೆ ಅನ್ನ, ಸಾರು, ಮಜ್ಜಿಗೆ. ಇದು ಪಶ್ಚಿಮದ್ದು. ಈ ಕ್ರಮ ತಪ್ಪುವುದಿಲ್ಲ. ಮೊದಲೇ ಅನ್ನ ಕೇಳಿದವನನ್ನು ಬಡಿಸುವವ ಮೇಲೆ ಕೆಳಗೆ ನೋಡಿ, ‘ಎಲ್ಲಿಂದ ಬಂದೀರ್ರೀ?’ ಎಂದು ವಿಚಾರಿಸಿದರೆ ಆಶ್ಚರ್ಯವಿಲ್ಲ.

ಈ ಭಾಗದ ರೊಟ್ಟಿಯನ್ನು ಲಟ್ಟಿಸುವುದಿಲ್ಲ, ಬಡಿಯುತ್ತಾರೆ. ಅದಕ್ಕೆ ಕಾರಣವಿದೆ. ಗೋಧಿ ಹಿಟ್ಟನ್ನು ಎಳೆದರೆ ಹಿಗ್ಗಿಸುವ ಜಿಗುಟು ಜೋಳದಲ್ಲಿ ಇಲ್ಲ. ಹೀಗಾಗಿ ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದಬೇಕು. ಬಿಸಿನೀರಿಗೆ ಜೋಳದ ಪಿಷ್ಟ ಅರೆಬೆಂದು ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ಆಮೇಲೆ ಅಂಗೈಯಿಂದ ತಟ್ಟುತ್ತ, ತಿರುಗಿಸುತ್ತ, ಅಂಚು ಒಡೆಯದಂತೆ ತೆಳ್ಳಗೆ ಮಾಡಿ, ಹಂಚಿಗೆ ಹಾಕಿ ಮೇಲೆ ನೀರು ಸವರಬೇಕು. ಬಿಸಿ ರೊಟ್ಟಿ ಆಗಿಂದಾಗ ಉಣ್ಣಲಿಕ್ಕೆ. ಅದನ್ನೇ ಇನ್ನೂ ತೆಳ್ಳಗೆ ಬಡಿದು ಒಣಗಿಸಿ ಸುಟ್ಟರೆ ಕಡಕ ರೊಟ್ಟಿ. ತಿಂಗಳಾದರೂ ಕೆಡುವುದಿಲ್ಲ. ಖಾನಾವಳಿಯ ಒಳಮನೆಯಿಂದ ಬರುವ ಬಡಿತದ ಸಪ್ಪಳ ನಿಂತರೆ ಆ ದಿನದ ಊಟ ಮುಗಿಯಿತೆಂದೇ ಲೆಕ್ಕ. ಖಾನಾವಳಿಗಳಿಗೆ ಹೆಸರು ಬಂದದ್ದು ಮಾಲೀಕರಿಂದ. ಅದನ್ನು ಉಳಿಸಿದವರು ಮಾತ್ರ ಒಲೆಯ ಮುಂದೆ ಕುಳಿತ ಹೆಣ್ಣುಮಕ್ಕಳು. ಬೋರ್ಡಿನ ಮೇಲೆ ಅವರ ಹೆಸರು ಬಂದದ್ದು ಅಪರೂಪ.

ಖಾನಾವಳಿ ಎಂಬ ಶಬ್ದ ನಮಗೆ ಮರಾಠಿಯಿಂದ ಬಂತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಧಾರವಾಡ ಜಿಲ್ಲೆ ಮುಂಬಯಿಯ ಆಡಳಿತದಲ್ಲಿತ್ತು. ಹೀಗಾಗಿ ಕಚೇರಿಯ ಮಾತಿನೊಡನೆ ಊಟದ ಮಾತೂ ಆ ಕಡೆಯಿಂದ ಬಂದದ್ದು ಸಹಜ. ಶಬ್ದಕ್ಕಿಂತ ಮುಖ್ಯವಾದದ್ದು ಅದರ ಹಿಂದಿನ ಅಗತ್ಯ. ಮನೆಯಲ್ಲಿ ಒಲೆ ಇದ್ದವರು ಆಗ ಹೊರಗೆ ಉಣ್ಣುತ್ತಿರಲಿಲ್ಲ. ಹೊರಗೆ ಉಣ್ಣುವುದು ಬಾಯಿ ರುಚಿಯ ಮಾತಲ್ಲ, ನಿರ್ವಾಹವಿಲ್ಲದವರ ಪಾಡು. ಜಿಲ್ಲೆಯ ಮುಖ್ಯ ಕಚೇರಿ, ನ್ಯಾಯಾಲಯಗಳು ಧಾರವಾಡದಲ್ಲಿದ್ದವು. ಸದರ್ನ್ ಮರಾಠಾ ರೈಲ್ವೆಯ ಕೇಂದ್ರ ಕಚೇರಿಯೂ ಇಲ್ಲಿತ್ತು. 1917ರಲ್ಲಿ ಕರ್ನಾಟಕ ಕಾಲೇಜು ಬಂತು. 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯ ಮರುವರ್ಷ ಧಾರವಾಡಕ್ಕೆ ಬಂದು ನೆಲೆಯೂರಿತು. ಕೋರ್ಟಿನ ತಾರೀಖಿಗೆ ಬಂದ ರೈತ, ವರ್ಗವಾಗಿ ಬಂದ ಗುಮಾಸ್ತ, ಓದಲು ಬಂದ ಹಳ್ಳಿಯ ಹುಡುಗ, ಇವರೆಲ್ಲರ ಹಸಿವಿಗೆ ಒಂದು ಏರ್ಪಾಡು ಬೇಕಿತ್ತು. ಖಾನಾವಳಿ ಹುಟ್ಟಿದ್ದು ಆ ಹಸಿವಿಗಾಗಿ. ಇಂದಿಗೂ ಅದರ ರೀತಿ ನೀತಿ ಮನೆಯದೇ. ಪಟ್ಟಿ ನೋಡಿ ಆರಿಸುವ ಮಾತಿಲ್ಲ, ಒಲೆಯ ಮೇಲೆ ಏನಿದೆಯೋ ಅದು. ತಿಂಗಳ ಲೆಕ್ಕದಲ್ಲಿ ಉಣ್ಣುವವರಿಗೆ ವಾರದಲ್ಲಿ ಒಂದು ದಿನ ಸಿಹಿ. 2008ರಲ್ಲಿ ಹೈಕೋರ್ಟಿನ ಪೀಠ ಧಾರವಾಡದಲ್ಲಿ ಸುರುವಾದ ಮೇಲೆ ಕಕ್ಷಿದಾರರ ಹಸಿವೂ ಹೆಚ್ಚಿತೆನ್ನಬಹುದು.

ಖಾನಾವಳಿಯ ದುಡ್ಡೂ ಇಲ್ಲದವರಿಗೆ ಬುತ್ತಿ ಇತ್ತು. ಊರಿನಿಂದ ತಾಯಿ ಕಟ್ಟಿ ಕಳಿಸಿದ ರೊಟ್ಟಿಯ ಗಂಟು ಬಸ್ಸಿನಲ್ಲಿ ಬರುತ್ತಿತ್ತು. ಕಂಡಕ್ಟರನಿಗೆ ಹುಡುಗನ ಹೆಸರು ಹೇಳಿದ್ದರೆ ಸಾಕು. ಕೋಣೆಯಲ್ಲಿ ಆರು ಹುಡುಗರಿದ್ದರೆ ಒಬ್ಬನ ಬುತ್ತಿ ಆರು ಜನರದಾಗುತ್ತಿತ್ತು. ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿ ದೊಡ್ಡ ಹುದ್ದೆಗೆ ಹೋದವರ ಸಂಖ್ಯೆಯೂ ಸಣ್ಣದಲ್ಲ.

ಬೋರ್ಡಿನ ಮೇಲಿನ ಜಾತಿ

ಹೀಗೆ ಹೇಳುತ್ತ ಹೋದರೆ ಎಲ್ಲ ಸವಿಯಾಗಿಯೇ ಕೇಳಿಸುತ್ತದೆ. ಆದರೆ ಅವಳಿನಗರದ ಹಳೆಯ ಬೋರ್ಡುಗಳನ್ನು ನೆನಪಿಸಿಕೊಳ್ಳಬೇಕು. ಲಿಂಗಾಯತ ಖಾನಾವಳಿ, ಮರಾಠಾ ಖಾನಾವಳಿ, ಬ್ರಾಹ್ಮಣರ ಫಳಾರದ ಅಂಗಡಿ. ಇಂದು ಓದುವವನಿಗೆ ಅವು ರುಚಿಯ ಗುರುತು: ಇಲ್ಲಿ ಶಾಕಾಹಾರ, ಅಲ್ಲಿ ಮಾಂಸ, ಇಲ್ಲಿ ರೊಟ್ಟಿ, ಅಲ್ಲಿ ಅವಲಕ್ಕಿ. ಅಂದು ಅವು ಯಾರು ಒಳಗೆ ಕುಳಿತುಕೊಳ್ಳಬಹುದು ಎಂಬುದರ ಸೂಚನೆಯೂ ಆಗಿದ್ದವು. ಪರಜಾತಿಯವರ ಕೈಯ ಅನ್ನ ಮುಟ್ಟದ ಕಾಲದಲ್ಲಿ, ಪರಊರಿನಲ್ಲಿ ‘ನಮ್ಮವರ’ ಒಲೆಯನ್ನು ಹುಡುಕಿಕೊಂಡು ಹೋಗಲಿಕ್ಕೆ ಬೋರ್ಡು ಬೇಕಿತ್ತು. ಯಾವ ಬೋರ್ಡಿನ ಒಳಗೂ ಸೇರದವನ ಪಾಡು ಬೇರೆ. ಧಾರವಾಡಕ್ಕೆ ಓದಲು ಬಂದ ದಲಿತ ಹುಡುಗನಿಗೆ ಕೈಯಲ್ಲಿ ಕಾಸಿದ್ದರೂ ಎಲೆ ಹಾಕುವವರಿರಲಿಲ್ಲ.

ಡಾ. ಬಿ.ಆರ್. ಅಂಬೇಡ್ಕರ್ 1928ರಲ್ಲಿ ಕಟ್ಟಿದ ಶಿಕ್ಷಣ ಸಂಸ್ಥೆ ಮುಂಬಯಿ ಪ್ರಾಂತದ ಕೆಲವೇ ಊರುಗಳಲ್ಲಿ ದಲಿತ ವಿದ್ಯಾರ್ಥಿಗಳಿಗಾಗಿ ವಿದ್ಯಾರ್ಥಿನಿಲಯಗಳನ್ನು ನಡೆಸಿತು. ಪಣವೇಲ, ಠಾಣೆ, ನಾಸಿಕ, ಪುಣೆಗಳ ಸಾಲಿನಲ್ಲಿ ಧಾರವಾಡವೂ ಇತ್ತು. ಕಾಲೇಜಿನ ಬಾಗಿಲು ತೆರೆದರಷ್ಟೇ ಸಾಲದು, ಊಟದ ಬಾಗಿಲೂ ತೆರೆಯಬೇಕೆಂಬುದು ಅದರ ಅರ್ಥ. 1950ರ ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲುಗಳನ್ನು ಹೆಸರಿಟ್ಟೇ ಹೇಳಿ, ಜಾತಿಯ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ ಎಂದಿತು. 1955ರ ಅಸ್ಪೃಶ್ಯತೆ ಕಾಯಿದೆ ತಡೆದವರಿಗೆ ಶಿಕ್ಷೆ ಗೊತ್ತುಮಾಡಿತು. ಜಾತಿಯ ಹೆಸರು ಹೊತ್ತ ಖಾನಾವಳಿಗಳು ಉತ್ತರ ಕರ್ನಾಟಕದಲ್ಲಿ ಆಮೇಲೂ ಉಳಿದವು. ಬಾಗಿಲು ಕಾಯುವವರು ಇಲ್ಲವಾದರು, ಹೆಸರು ಅಡಿಗೆಯ ಶೈಲಿಯ ಹೆಸರಾಯಿತು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ದಲಿತರ ಅಡಿಗೆಯ ಹೆಸರು ಹೊತ್ತ ಖಾನಾವಳಿಯ ಬೋರ್ಡನ್ನು ಊರು ಎಷ್ಟು ಕಂಡಿದೆ?

ಸಾವಜಿಯ ಖಾರ

ಬೋರ್ಡಿನ ಹೆಸರು ರುಚಿಯ ಹೆಸರಾದದ್ದಕ್ಕೆ ಎಲ್ಲಕ್ಕಿಂತ ದೊಡ್ಡ ಉದಾಹರಣೆ ಹುಬ್ಬಳ್ಳಿಯ ಸಾವಜಿ. ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯರು, ಅಂದರೆ ಎಸ್‌ಎಸ್‌ಕೆ ಸಮಾಜದವರು, ಮೂಲತಃ ನೇಕಾರರು. ಹುಬ್ಬಳ್ಳಿ, ಧಾರವಾಡ, ಗದಗ-ಬೆಟಗೇರಿಗಳಲ್ಲಿ ಅವರ ದೊಡ್ಡ ವಸತಿಗಳಿವೆ. ಮನೆಯ ಮಾತು ಬೇರೆ, ಬೀದಿಯ ಮಾತು ಕನ್ನಡ. ಅವರ ಮಾಂಸದ ಅಡಿಗೆ ಹೊರಗಿನವರ ನಾಲಿಗೆಗೆ ಹತ್ತಿ ಹೋಟೆಲಾಯಿತು. ಒಣಕೊಬ್ಬರಿ, ಗಸಗಸೆ, ಪುಠಾಣಿ ಹಿಟ್ಟು, ಕೆಂಪಗೆ ತೇಲುವ ಎಣ್ಣೆ, ಅದರೊಳಗೆ ಮಟನ್. ಖೀಮಾ ಉಂಡೆ, ಲಿವರ್, ಬೋಟಿ ಬೇರೆ ಬೇರೆ ತಟ್ಟೆಗಳಲ್ಲಿ. ಇಲ್ಲಿಯೂ ರೊಟ್ಟಿಯೇ ಮೊದಲು. ಬಣ್ಣಕ್ಕೆ ಬ್ಯಾಡಗಿ ಮೆಣಸಿನಕಾಯಿ ಇರುತ್ತದೆ, ಅದು ನೋಡಲಿಕ್ಕೆ ಕೆಂಪೇ ಹೊರತು ಅಷ್ಟೇನೂ ಖಾರವಲ್ಲ. ಬೆವರು ಬರಿಸುವುದು ಅದರ ಜೊತೆಗೆ ಬೆರೆಸುವ ಬೇರೆ ಮೆಣಸಿನಕಾಯಿ. ನಾಗಪುರದ ‘ಸಾವಜಿ’ಯೂ ಖಾರಕ್ಕೆ ಹೆಸರಾದದ್ದೇ, ಆದರೆ ಅದು ಅಲ್ಲಿಯ ಹಲಬಾ ಕೋಷ್ಟಿ ನೇಕಾರರದು. ಎರಡೂ ಕಡೆ ಮಗ್ಗದವರೇ ಈ ಅಡಿಗೆಗೆ ಹೆಸರಾದದ್ದು ಕುತೂಹಲದ ಸಂಗತಿ. ಮಗ್ಗ ಸೋತ ಮನೆಗಳಿಗೆ ಒಲೆ ಆಸರೆಯಾಯಿತು.

ಇಡ್ಲಿ, ದೋಸೆಯ ಕಥೆಯನ್ನು ಇಲ್ಲಿ ಉದ್ದಕ್ಕೆ ಹೇಳಬೇಕಿಲ್ಲ. ಕರಾವಳಿಯ ಉಡುಪಿಯವರು, ಕಾಮತರು ಅದನ್ನು ಘಟ್ಟ ಹತ್ತಿಸಿ ತಂದರು, ಊರು ಒಪ್ಪಿಕೊಂಡಿತು. ಕಾಫಿಯನ್ನು ಮಾತ್ರ ಅಷ್ಟಾಗಿ ಒಪ್ಪಿಕೊಳ್ಳಲಿಲ್ಲ. ಇದು ಚಹಾದ ಊರು.

ಸಂಜೆಯ ಮಾತು ಬೇರೆ. ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ದೀಪ ಹತ್ತುವ ಹೊತ್ತಿಗೆ ಗಾಡಿಗಳ ಸುತ್ತ ಜನ ಸೇರುತ್ತಾರೆ. ಗಿರಮಿಟ್ಟು, ಮಿರ್ಚಿ, ಒಂದು ಕಪ್ ಚಹಾ. ಗಿರಮಿಟ್ಟು ಭೇಲ್‌ಪುರಿ ಅಲ್ಲ, ನೆನೆಸಿ ಒಗ್ಗರಣೆ ಕೊಟ್ಟ ಸೂಸಲವೂ ಅಲ್ಲ. ಉಳ್ಳಾಗಡ್ಡಿಯನ್ನು ಹುಣಸೆಹಣ್ಣು, ಬೆಲ್ಲ, ಖಾರದೊಡನೆ ಎಣ್ಣೆಯಲ್ಲಿ ಕುದಿಸಿದ ಗೊಜ್ಜು ಅದರ ಜೀವ. ಒಣ ಚುರಮರಿಗೆ ಆ ಗೊಜ್ಜು ಕಲಸಿ, ಪುಠಾಣಿ ಹಿಟ್ಟು ಉದುರಿಸಿ, ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸೇವು ಹಾಕಿ ಕೈಗೆ ಕೊಟ್ಟ ಕೂಡಲೇ ತಿನ್ನಬೇಕು. ಐದು ನಿಮಿಷ ತಡವಾದರೆ ಮೆತ್ತಗಾಗುತ್ತದೆ. ಪುಠಾಣಿ ಹಿಟ್ಟು ಹಾಕುವುದೂ ಇದಕ್ಕೇ, ಗೊಜ್ಜಿನ ಪಸೆಯನ್ನು ಅದು ಹೀರಿ ಚುರಮರಿಯನ್ನು ಗರಿಯಾಗಿಡುತ್ತದೆ. ಬಡಗಿಯ ಕೈಯ ತೂತು ಕೊರೆಯುವ ಸಾಧನಕ್ಕೂ ಗಿರಮಿಟ್ಟು ಎಂದೇ ಹೆಸರು. ಮಿರ್ಚಿಯ ಖಾರ ತಲೆಗೇರಿದವರಿಗೆ ಈ ಹೋಲಿಕೆ ಸರಿಯೆನ್ನಿಸೀತು.

ಚುರಮರಿ ಎಂದರೆ ಭತ್ತವೇ. ನೆನೆಸಿ, ಬೇಯಿಸಿ, ಒಣಗಿಸಿ, ಹೊಟ್ಟು ತೆಗೆದ ಅಕ್ಕಿಗೆ ಉಪ್ಪು ಹಿಡಿಸಿ ಕಾದ ಉಸುಕಿನಲ್ಲಿ ಹುರಿದಾಗ ಅದು ಅರಳುತ್ತದೆ. ಜೋಳ ಉಣ್ಣುವ ಜನ ಅಕ್ಕಿಯನ್ನು ಹೀಗೆ ಹಗುರ ಮಾಡಿಕೊಂಡು ಸಂಜೆಯ ತಿನಿಸಾಗಿಸಿದರು.

ಕಾಡಂಚಿನಿಂದ ಧಾರವಾಡಕ್ಕೆ ಬಂದದ್ದು ಅಕ್ಕಿಯೊಂದೇ ಅಲ್ಲ, ಹಾಲೂ ಬಂತು. ಉತ್ತರ ಪ್ರದೇಶದ ಉನ್ನಾವ್‌ನಲ್ಲಿ ಪ್ಲೇಗ್ ಬಂದಾಗ ಊರು ಬಿಟ್ಟ ಠಾಕೂರ್ ಮನೆತನ ಧಾರವಾಡಕ್ಕೆ ಬಂದು ಪೇಢೆ ಮಾಡಲು ಹತ್ತಿದ ಕಥೆಯನ್ನು ಇಲ್ಲಿ ಎಲ್ಲರೂ ಹೇಳುತ್ತಾರೆ. ಲೈನ್ ಬಜಾರದ ಬಾಬುಸಿಂಗ್ ಠಾಕೂರ್ ಅಂಗಡಿಯ ಮುಂದಿನ ಪಾಳಿಯಿಂದ ಅದಕ್ಕೆ ಹೆಸರು ಬಂತು. ಆಮೇಲೆ ಮಿಶ್ರಾ ಪೇಢೆ ಬಂತು. ಯಾವುದು ಹೆಚ್ಚೆಂಬ ಜಗಳ ಇನ್ನೂ ತೀರಿಲ್ಲ. ಕಲೆಯೇನೋ ಉತ್ತರದಿಂದ ಬಂದದ್ದು ನಿಜ, ಹಾಲು ಮಾತ್ರ ಇಲ್ಲಿಯದೇ. ಅಳ್ನಾವರ, ಕಲಘಟಗಿ, ಹಳಿಯಾಳದ ಕಾಡಂಚಿನಲ್ಲಿ ಎಮ್ಮೆ ಸಾಕುವ ಗವಳಿಗರ ಹಾಲಿನ ಕೊಬ್ಬು ಇಲ್ಲದಿದ್ದರೆ ಆ ಖೋವಾ ಬರುತ್ತಿರಲಿಲ್ಲ. ಧಾರವಾಡಿ ಎಮ್ಮೆ 2021ರಲ್ಲಿ ಪ್ರತ್ಯೇಕ ತಳಿಯೆಂಬ ರಾಷ್ಟ್ರೀಯ ಮಾನ್ಯತೆ ಪಡೆಯಿತು. ಪೇಢೆಗಂತೂ ಅದಕ್ಕಿಂತ ಎಷ್ಟೋ ಮೊದಲೇ ಭೌಗೋಳಿಕ ಸೂಚಿಯ ಗುರುತು ಸಿಕ್ಕಿತ್ತು. ಇತರ ಎಷ್ಟೋ ಊರುಗಳ ಪೇಢೆ ಬಿಳುಪು ಅಥವಾ ಹಳದಿ, ಇಲ್ಲಿಯದು ಕಂದು. ಖೋವಾವನ್ನು ಸಕ್ಕರೆಯೊಡನೆ ಬಣ್ಣ ತಿರುಗುವವರೆಗೆ ಹುರಿದು ಕೊನೆಗೆ ಸಕ್ಕರೆ ಪುಡಿಯಲ್ಲಿ ಹೊರಳಿಸುತ್ತಾರೆ. ನೀರಿನ ಅಂಶ ಹೆಚ್ಚು ಉಳಿಯದ್ದರಿಂದ ಅದು ಬೇಗ ಕೆಡುವುದಿಲ್ಲ. ರೈಲಿನಲ್ಲಿ ಎರಡು ದಿನ ಹೋಗುವವನ ಕೈಯಲ್ಲಿ ಧಾರವಾಡದ ಗುರುತಾಗಿ ಪೇಢೆಯ ಪೊಟ್ಟಣ ಹೊರಟದ್ದು ಈ ಗುಣದಿಂದ.

ಇನ್ನು ಮುಗದಕ್ಕೆ ಮರಳಬಹುದು. ಇಲ್ಲಿಯ ಭತ್ತ ನಾಟಿಯ ಭತ್ತವಲ್ಲ. ಮಳೆಗೆ ಮುಂಚೆ ಒಣ ನೆಲದಲ್ಲಿ ಕೂರಿಗೆಯಿಂದ ಬಿತ್ತಿ, ಮುಂಗಾರು ಹಿಡಿದ ಮೇಲೆ ನೀರು ನಿಲ್ಲಿಸುವ ಪದ್ಧತಿ. ಈ ಬಗೆಯ ಬೇಸಾಯಕ್ಕೆ ಒಗ್ಗುವ ತಳಿಗಳಿಗಾಗಿಯೇ ಮುಗದದಲ್ಲಿ ಕೃಷಿ ಸಂಶೋಧನಾ ಕೇಂದ್ರವಿದೆ, ಅದು ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ‘ಮುಗದ 101’, ‘ಮುಗದ ಸುಗಂಧ’ ತಳಿಗಳು ಊರಿನ ಹೆಸರನ್ನೇ ಹೊತ್ತಿವೆ. ಸುಗಂಧ ಹೆಸರಿಗೆ ತಕ್ಕಂತೆ ಪರಿಮಳದ ಅಕ್ಕಿ. ಊರಿನ ಇನ್ನೊಂದು ಹೆಸರು ಕುಂಬಾರಿಕೆ. ಮುಗದದ ಗಡಿಗೆಯ ಹೊರಮೈ ನೀರನ್ನು ಸ್ವಲ್ಪ ಸ್ವಲ್ಪವಾಗಿ ಜಿನುಗಿಸುತ್ತದೆ, ಜಿನುಗಿದ ನೀರು ಆರುವಾಗ ಒಳಗಿನದು ತಣ್ಣಗಾಗುತ್ತದೆ. ಮಣ್ಣಿನ ಪಾತ್ರೆಯಲ್ಲಿ ಹೆಪ್ಪಿಟ್ಟ ಮೊಸರು ಗಟ್ಟಿಯಾಗುವುದೂ ಮಣ್ಣು ಪಸೆಯನ್ನು ಎಳೆದುಕೊಳ್ಳುವುದರಿಂದ. ಸ್ಟೀಲಿನ ಡಬ್ಬಿಯ ಮೊಸರಿಗೆ ಆ ಗಟ್ಟಿತನ ಬಾರದು.

ಆದರೆ ಖಾನಾವಳಿಯ ತಾಟಿನ ನಕ್ಷೆ ಈಗ ಮೊದಲಿನಂತಿಲ್ಲ. ಧಾರವಾಡ, ಕಲಘಟಗಿ ಕಡೆಯ ಎಷ್ಟೋ ಭತ್ತದ ಹೊಲಗಳಿಗೆ ಗೋವಿನಜೋಳ, ಕಬ್ಬು ಬಂದಿವೆ. ಕೂರಿಗೆ ಭತ್ತಕ್ಕೆ ಬೇಕಾದ ಕಳೆ ತೆಗೆಯುವ ಕೈಗಳು ಸಿಗುವುದು ಕಷ್ಟ, ಮಳೆಯ ಮೇಲೂ ಭರವಸೆಯಿಲ್ಲ. ಅತ್ತ ಪೂರ್ವದಲ್ಲಿ 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ಮೇಲೆ ಜೋಳದ ಬಯಲಾಗಿದ್ದ ಗಂಗಾವತಿ, ಸಿಂಧನೂರು ಭತ್ತದ ಕಣಜಗಳಾದವು. ಸೋನಾ ಮಸೂರಿ ಅಲ್ಲಿಂದ ರಾಜ್ಯಕ್ಕೆಲ್ಲ ಹರಡಿತು. ಬೆಳ್ಳಗೆ, ತೆಳ್ಳಗೆ ಇರುವ ಅಕ್ಕಿಯ ಮುಂದೆ ಮುಗದ ಸೀಮೆಯ ಕೆಂಪನೆಯ ದಪ್ಪಕ್ಕಿ ಹೋಟೆಲಿನವರಿಗೆ ಬೇಡವಾಯಿತು. ರೊಟ್ಟಿಗೂ ಯಂತ್ರ ಬಂದಿದೆ. ಒಂದೇ ಅಳತೆಯ ದುಂಡನೆಯ ಕಡಕ ರೊಟ್ಟಿಗಳು ಪ್ಲಾಸ್ಟಿಕ್ ಚೀಲದಲ್ಲಿ ಬೆಂಗಳೂರಿಗೂ ಹೋಗುತ್ತವೆ. ದಿನವಿಡೀ ಬಡಿದು ಭುಜ ನೋಯಿಸಿಕೊಂಡ ಹೆಣ್ಣುಮಕ್ಕಳು ಯಂತ್ರವನ್ನು ಬಯ್ಯಲಾರರು.

ಹೀಗಾಗಿ ಧಾರವಾಡದ ಖಾನಾವಳಿಯಲ್ಲಿ ರೊಟ್ಟಿ ಮುಗಿದು ಅನ್ನ ಬಂದಾಗ, ಅಕ್ಕಿ ಯಾವ ಕಡೆಯದು ಎಂದು ಕೇಳಿದರೆ, ಬಡಿಸುವವ ಒಳಗೆ ಹೋಗಿ ಚೀಲದ ಮೇಲಿನ ಹೆಸರು ಓದಿಕೊಂಡು ಬರುತ್ತಾನೆ. ಪಶ್ಚಿಮಕ್ಕೆ ಅರ್ಧ ಗಂಟೆಯ ದಾರಿಯಲ್ಲಿ ಮುಗದದ ಕೇಂದ್ರ ಹೊಸ ತಳಿಯ ಬೀಜವನ್ನು ಕೂರಿಗೆಯಿಂದ ಬಿತ್ತುತ್ತಿರುತ್ತದೆ.