ಕುಡಿತ ಬಿಟ್ಟವರ ಕೂಟ ಹುಟ್ಟಿದ್ದು ಹೀಗೆ

ಲಾಬಿಯ ಒಂದು ತುದಿಯಲ್ಲಿ ಬಾರ್, ಇನ್ನೊಂದು ತುದಿಯಲ್ಲಿ ಟೆಲಿಫೋನು. ಅದರ ಪಕ್ಕದಲ್ಲಿ ಊರಿನ ಚರ್ಚುಗಳ ಪಟ್ಟಿ. 1935ರ ಮೇ 11, ಶನಿವಾರ. ಅಮೆರಿಕದ ಒಹಾಯೊ ರಾಜ್ಯದ ಆಕ್ರನ್‌ನಲ್ಲಿದ್ದ ಮೇಫ್ಲವರ್ ಹೋಟೆಲಿನಲ್ಲಿ ನ್ಯೂಯಾರ್ಕಿನ ಷೇರು ವ್ಯವಹಾರಸ್ಥ ಬಿಲ್ ವಿಲ್ಸನ್ ಅತ್ತಿಂದಿತ್ತ ತಿರುಗಾಡುತ್ತಿದ್ದರು. ಕಂಪನಿಯೊಂದನ್ನು ಕೈವಶ ಮಾಡಿಕೊಳ್ಳಲು ಬಂದವರು ಸೋತಿದ್ದರು. ಊರಲ್ಲಿ ಗುರುತಿನವರಿಲ್ಲ. ಕುಡಿತ ಬಿಟ್ಟು ಬರೀ ಐದು ತಿಂಗಳಾಗಿತ್ತು. ಬಾರಿನ ಮಾತು, ನಗು ಕರೆಯುತ್ತಿತ್ತು.

1934ರ ಡಿಸೆಂಬರ್‌ನಲ್ಲಿ ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ ಅವರು ನ್ಯೂಯಾರ್ಕಿನಲ್ಲಿ ಸಿಕ್ಕಸಿಕ್ಕ ಕುಡುಕರಿಗೆಲ್ಲ ಬುದ್ಧಿ ಹೇಳುತ್ತ ಅಲೆದಿದ್ದರು. ಒಬ್ಬರೂ ಬಿಟ್ಟಿರಲಿಲ್ಲ. ಆದರೆ ‘ನೀವಂತೂ ಕುಡಿದಿಲ್ಲವಲ್ಲ’ ಎಂದು ಗುರುತಿಸಿ ಹೇಳಿದವರು ಹೆಂಡತಿ ಲೋಯಿಸ್. ಉಪದೇಶ ನಿಲ್ಲಿಸಿ, ಇದು ಕಾಯಿಲೆ ಎಂಬುದನ್ನು ಅವರಿಗೆ ತಿಳಿಸಿ ಎಂದವರು ಚಿಕಿತ್ಸೆ ಕೊಟ್ಟ ವೈದ್ಯ ಸಿಲ್ಕ್‌ವರ್ತ್. ಆ ಸಂಜೆ ಲಾಬಿಯಲ್ಲಿ ಎರಡೂ ಮಾತು ಉಪಯೋಗಕ್ಕೆ ಬಂದವು. ತಾನು ಉಳಿಯಬೇಕಾದರೆ ಇನ್ನೊಬ್ಬ ಕುಡುಕ ಬೇಕು! ವಿಲ್ಸನ್ ಬಾರಿಗೆ ಬೆನ್ನು ಹಾಕಿ, ಪಟ್ಟಿ ನೋಡಿ ಒಬ್ಬ ಪಾದ್ರಿಗೆ ಫೋನ್ ಮಾಡಿದರು. ಒಬ್ಬರಿಂದ ಒಬ್ಬರಿಗೆ ದಾಟಿ ಕರೆ ಹೆನ್ರಿಯೆಟ್ಟಾ ಸೈಬರ್ಲಿಂಗ್ ಎಂಬ ಮಹಿಳೆಯನ್ನು ಮುಟ್ಟಿತು. ಆಕೆಗೆ ಕುಡಿತದಿಂದ ಹಾಳಾಗುತ್ತಿದ್ದ ಸರ್ಜನ್ ಒಬ್ಬರ ಪರಿಚಯವಿತ್ತು: ಡಾ. ಬಾಬ್ ಸ್ಮಿತ್.

ಮರುದಿನ ಸಂಜೆ ಐದಕ್ಕೆ ಆಕೆಯ ಮನೆಯಲ್ಲಿ ಭೇಟಿ. ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರುವುದಿಲ್ಲ ಎಂಬ ಷರತ್ತಿನ ಮೇಲೆ ಬಂದ ಡಾಕ್ಟರು ಎದ್ದದ್ದು ಆರು ತಾಸು ಕಳೆದ ಮೇಲೆ. ಕುಡಿತದ ಬಗ್ಗೆ ಅವರು ಓದದ್ದಿರಲಿಲ್ಲ, ಕೇಳದ ಉಪದೇಶವಿರಲಿಲ್ಲ. ಆದರೆ ಅನುಭವಿಸಿದವರೊಬ್ಬರು ಎದುರು ಕೂತು ತಮ್ಮ ಪಾಡು ಹೇಳಿಕೊಂಡದ್ದು ಅದೇ ಮೊದಲು. ಈ ಕಥೆಯ ಜೀವಾಳ ಇಲ್ಲಿದೆ ಎಂದು ನನ್ನ ನಂಬಿಕೆ. ವಿಲ್ಸನ್ ಉದ್ಧಾರ ಮಾಡಲು ಹೋದವರಲ್ಲ, ಸಹಾಯ ಬೇಡಿ ಹೋದವರು.

ಡಾಕ್ಟರು ಒಮ್ಮೆಗೇ ಬಿಡಲಿಲ್ಲ. ಕೆಲವೇ ವಾರಗಳಲ್ಲಿ ವೈದ್ಯರ ಸಮ್ಮೇಳನಕ್ಕೆ ಹೋದವರು ಮತ್ತೆ ಕುಡಿದು ಬಂದರು. ಮುಂದೆಯೇ ಒಂದು ಶಸ್ತ್ರಚಿಕಿತ್ಸೆ ಇತ್ತು, ಕೈ ನಡುಗುತ್ತಿತ್ತು. ಆ ಬೆಳಗ್ಗೆ ಕೈ ಹಿಡಿತಕ್ಕೆ ಬರಲೆಂದು ಬಿಯರ್ ಬಾಟಲಿ ಕೊಟ್ಟವರು ಸ್ವತಃ ವಿಲ್ಸನ್. ಅದೇ ಡಾಕ್ಟರ ಕೊನೆಯ ಕುಡಿತ. ಆ ದಿನವನ್ನೇ, 1935ರ ಜೂನ್ 10ನ್ನೇ, ಆಲ್ಕೊಹಾಲಿಕ್ಸ್ ಅನಾನಿಮಸ್ (ಎ.ಎ.) ಎಂಬ ಈ ಕೂಟ ತನ್ನ ಹುಟ್ಟುದಿನವೆಂದು ಆಚರಿಸುತ್ತದೆ.

1939ರಲ್ಲಿ ಬಂದ ಇದೇ ಹೆಸರಿನ ಪುಸ್ತಕದಿಂದ ಕೂಟಕ್ಕೆ ಹೆಸರು ಮತ್ತು ಕುಡಿತದಿಂದ ಹೊರಬರುವ ಹನ್ನೆರಡು ಮೆಟ್ಟಿಲುಗಳ ಕ್ರಮ ದಕ್ಕಿದವು. 1941ರಲ್ಲಿ ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್ ಪತ್ರಿಕೆಯಲ್ಲಿ ಕೂಟದ ಬಗ್ಗೆ ಲೇಖನ ಬಂದ ವರ್ಷ ಸದಸ್ಯರು ಸುಮಾರು 2,000ದಿಂದ 8,000ಕ್ಕೆ ಏರಿದರು. ಮನೆಯವರಿಗೂ ಇಂಥದ್ದೇ ಕೂಟ ಬೇಕೆಂದು ಲೋಯಿಸ್ ಮತ್ತು ಗೆಳತಿ 1951ರಲ್ಲಿ ಅಲ್-ಅನಾನ್ ಕಟ್ಟಿದರು. ಭಾರತಕ್ಕೆ ಎ.ಎ. ಬಂದದ್ದು 1957ರಲ್ಲಿ. ಇಂದು ಬೆಂಗಳೂರು, ಮಂಗಳೂರಿನಂಥ ಊರುಗಳಲ್ಲಿ ಸಂಜೆ ಹೊತ್ತು ಶಾಲೆ, ಚರ್ಚುಗಳ ಕೋಣೆಗಳಲ್ಲಿ ಸಭೆ ಸೇರುತ್ತದೆ.

ಹೊಸಬರು ಹೋದರೆ ಯಾರಾದರೂ ಬಂದು ಮಾತಾಡಿಸುತ್ತಾರೆ. ಹೆಸರಷ್ಟೇ ಸಾಕು, ಮನೆತನ, ನೌಕರಿ ಕೇಳುವುದಿಲ್ಲ. ಸಭೆ ನಡೆಸುವವರೂ ಕುಡಿದು ಕಂಗೆಟ್ಟವರೇ. ಒಬ್ಬೊಬ್ಬರಾಗಿ ಹೇಳಿಕೊಳ್ಳುತ್ತಾರೆ: ಹೆಂಡತಿಯ ತಾಳಿ ಅಡವಿಟ್ಟದ್ದು, ಮಗಳ ಫೀಸು ವೈನ್ ಶಾಪಿಗೆ ಹೋದದ್ದು, ಬೆಳಗಾದರೆ ಕೈ ನಡುಗಿ ಕ್ವಾರ್ಟರ್‌ಗೆ ಓಡಿದ್ದು. ನಡುವೆ ಯಾರೂ ಬಾಯಿ ಹಾಕುವುದಿಲ್ಲ. ಮಾತು ಬೇಡವೆನಿಸಿದರೆ ಸುಮ್ಮನೆ ಕೂರಬಹುದು. ಶುಲ್ಕವಿಲ್ಲ, ಕೊನೆಗೆ ಡಬ್ಬಿಯೊಂದು ಸುತ್ತು ಬರುತ್ತದೆ, ಬಾಡಿಗೆ, ಟೀ ಖರ್ಚಿಗೆ ಸದಸ್ಯರು ಕೈಲಾದಷ್ಟು ಹಾಕುತ್ತಾರೆ. ಇನ್ನೆಂದೂ ಮುಟ್ಟುವುದಿಲ್ಲವೆಂಬ ಆಣೆಯನ್ನೂ ಇಲ್ಲಿ ಹಾಕಿಸುವುದಿಲ್ಲ. ಇವತ್ತೊಂದು ದಿನ ಕುಡಿಯದಿದ್ದರಾಯಿತು. ನಮ್ಮ ಮನೆಗಳಲ್ಲಿ ದೇವರ ಮುಂದೆ, ಮಕ್ಕಳ ತಲೆ ಮುಟ್ಟಿಸಿ ಆಣೆ ಮಾಡಿಸುತ್ತೇವೆ. ಅದು ಮುರಿದಾಗಿನ ನಾಚಿಕೆ ಮುಚ್ಚಿಕೊಳ್ಳಲು ಎಷ್ಟು ಮಂದಿ ಮತ್ತೆ ಕುಡಿದಿಲ್ಲ!

ಕುಡಿತ ಬಿಟ್ಟವರು ಒಬ್ಬರಿಗೊಬ್ಬರು ಆಸರೆ ಎಂಬ ತಿಳಿವಳಿಕೆ ಕರ್ನಾಟಕದ ಹಳ್ಳಿಗಳಿಗೆ ಬೇರೊಂದು ದಾರಿಯಲ್ಲೂ ಬಂದಿದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರ ಮುಗಿಸಿದವರು ನವಜೀವನ ಸಮಿತಿ ಮಾಡಿಕೊಂಡು ಸೇರುತ್ತಿರುತ್ತಾರೆ. ಶಿಬಿರಕ್ಕಿಂತ ಆಮೇಲಿನ ಈ ಸೇರುವಿಕೆಯೇ ದೊಡ್ಡದು.

ಎ.ಎ.ಯಿಂದ ಉಪಯೋಗವಿದೆ ಎಂಬುದು ಬರೀ ನಂಬಿಕೆಯ ಮಾತಲ್ಲ. 2020ರಲ್ಲಿ ಪ್ರಕಟವಾದ ಕಾಕ್ರನ್ ಸಂಸ್ಥೆಯ ಸಮೀಕ್ಷೆ 27 ಅಧ್ಯಯನಗಳನ್ನು ಪರಿಶೀಲಿಸಿತು. ರೋಗಿಗಳನ್ನು ವ್ಯವಸ್ಥಿತವಾಗಿ ಎ.ಎ.ಗೆ ಜೋಡಿಸುವ ಚಿಕಿತ್ಸೆ, ಪೂರ್ತಿ ಕುಡಿತ ಬಿಟ್ಟಿರಲು ಬೇರೆ ಮಾನಸಿಕ ಚಿಕಿತ್ಸೆಗಳಿಗಿಂತ ಹೆಚ್ಚು ನೆರವಾಗುತ್ತದೆಂದು ಅದು ಹೇಳಿತು. ನಮ್ಮಲ್ಲಿ ಕೊರತೆ ಇರುವುದು ಚಿಕಿತ್ಸೆಯ ಬಾಗಿಲ ತನಕ ತಲುಪುವುದರಲ್ಲಿ. ಕೇಂದ್ರ ಸರ್ಕಾರಕ್ಕಾಗಿ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೂ ಚಿಕಿತ್ಸೆ ಸಿಕ್ಕಿತ್ತು.

ಒಂದು ಎಚ್ಚರಿಕೆ ಹೇಳಲೇಬೇಕು. ದಿನವೂ ವಿಪರೀತ ಕುಡಿಯುವವರು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಭ್ರಮೆ ಹುಟ್ಟಬಹುದು, ಪ್ರಾಣಕ್ಕೂ ಅಪಾಯವಾಗಬಹುದು. ಮೊದಲು ವೈದ್ಯರನ್ನು ಕಾಣಿ, ಆಮೇಲೆ ಕೂಟ. ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416. ಎರಡಕ್ಕೂ ಹಣ ಕೊಡಬೇಕಿಲ್ಲ. ಎ.ಎ.ಯ ಮುಕ್ತ ಸಭೆಗೆ ಮನೆಯವರೂ ಬರಬಹುದು. ನಿಮ್ಮ ಮನೆಯಲ್ಲಿ ಒಬ್ಬರು ಒದ್ದಾಡುತ್ತಿದ್ದರೆ ಈ ವಾರವೇ ವಿಚಾರಿಸಿ, ಮೊದಲ ದಿನ ಅವರೊಬ್ಬರನ್ನೇ ಕಳಿಸದೆ ಜೊತೆಗೆ ಹೋಗಿ.